ಆಂಪ್ಲಿಫಾಯರಿಗೆ ಜ್ವರ

ನಮ್ಮ ಮಾಮಾ, ಅಂದರೆ ನನ್ನ ಅಕ್ಕನ ಗಂಡ, ಯಾರ ಮನೆಗೆ ಹೋದರೂ ಮೊದಲು ಕ್ಷೇಮ ಸಮಾಚಾರ ವಿಚಾರಿಸುವುದು ಆ ಮನೆಯ ರೇಡಿಯೋದ್ದು! ಮನೆಯವರ ಸರದಿ ಆಮೇಲೆ, ಅದೂ ಚಹಾ ಬಂದರೆ. ಚಪ್ಪಲಿ ಬಿಟ್ಟವರೇ ನೇರ ರೇಡಿಯೋದ ಹಿಂದೆ ಹೋಗುತ್ತಾರೆ. ಕೂಸಿನ ಮೈ ಬಿಸಿಯಾಗಿದೆಯೇ ಎಂದು ತಾಯಂದಿರು ನೋಡುತ್ತಾರಲ್ಲ, ಹಾಗೆ ಕೈ ಮಗುಚಿ ಅದರ ಬೆನ್ನು ಮುಟ್ಟುತ್ತಾರೆ. "ಭಾಳ ಕಾದೈತಿ" ಎಂದು ನಿಟ್ಟುಸಿರು ಬಿಡುತ್ತಾರೆ. ಅದೇ ಹೊತ್ತಿಗೆ ಆ ಮನೆಯ ಅಜ್ಜಿ ನಿಜವಾಗಿಯೂ ಜ್ವರ ಬಂದು ಮೂಲೆಯಲ್ಲಿ ಮಲಗಿದ್ದರೆ ಅವರ ಕಣ್ಣಿಗೆ ಬೀಳುವುದಿಲ್ಲ. ಪಾಪ, ಅಜ್ಜಿಯೊಳಗೆ ಟ್ರಾನ್ಸಿಸ್ಟರ್ ಇಲ್ಲವಲ್ಲ!

ಅವರ ಈ ಗುಣ ನಮಗೆ ಗೊತ್ತಾದದ್ದು ಎಪ್ಪತ್ತರ ದಶಕದಲ್ಲಿ, ಅಕ್ಕನನ್ನು ನೋಡಲು ಅವರು ಬಾಗಲಕೋಟೆಯ ನಮ್ಮ ಮನೆಗೆ ಬಂದ ದಿನವೇ. ಕೆಂಡದಂಥ ಬೇಸಿಗೆ. ಪಡಸಾಲೆಯ ತುಂಬ ಹಿರಿಯರು. ಅಕ್ಕ ತಲೆ ತುಂಬ ಸೆರಗು ಹೊದ್ದು, ಎಲ್ಲರ ಮುಂದೆ ಅವಲಕ್ಕಿ ಇಟ್ಟು, ಗೋಡೆಗೆ ಅಂಟಿ ಕುಳಿತಿದ್ದಳು. ಅವಳ ಹಿಂದಿನ ಗೂಡಿನಲ್ಲಿ ನಮ್ಮ ದೊಡ್ಡ ವಾಲ್ವ್ ರೇಡಿಯೋ, ಅದರ ಮೇಲೆ ಅವ್ವ ಹೆಣೆದ ದಪ್ಪನೆಯ ಹೊದಿಕೆ. ವರಮಹಾಶಯರು ಬಂದಾಗಿನಿಂದ ಆ ಕಡೆಗೇ ಕಣ್ಣು ನೆಟ್ಟು ಕುಳಿತುಬಿಟ್ಟರು. ಹುಡುಗ ಮನಸೋತ ಎಂದು ಅಪ್ಪನಿಗೆ ಒಳಗೊಳಗೇ ಖುಷಿ.

"ಹೆಂಗ ಅನಸ್ತರಿ?" ಎಂದು ಕೇಳಿಯೇಬಿಟ್ಟರು.

"ಮೊದಲ ಹೊದಿಕಿ ತಗಸ್ರಿ. ಇಂಥಾ ಬ್ಯಾಸಗ್ಯಾಗ ಉಸಿರ ಕಟ್ಟತೈತಿ ಅದಕ್ಕ!"

ಇಡೀ ಪಡಸಾಲೆ ಅಕ್ಕನ ಸೆರಗನ್ನು ನೋಡಿತು. ಮಾಮಾ ಎದ್ದು, ಅಕ್ಕನನ್ನು ದಾಟಿ ಹೋಗಿ, ರೇಡಿಯೋದ ಹೊದಿಕೆಯನ್ನು ತಾವೇ ಕಿತ್ತು ಮಡಚಿ ಅವ್ವನ ಕೈಗೆ ಕೊಟ್ಟರು! ಅಪ್ಪನ ಮುಖ ಸಪ್ಪಗಾಯಿತು. ಅಕ್ಕ ಮಾತ್ರ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಒಳಗೆ ಬಂದು ನನಗೆ ಹೇಳಿದಳು: "ಒಲ್ಲೆ ಅನಬ್ಯಾಡ್ರಿ ಅಂತ ಅಪ್ಪಗ ಹೇಳು. ರೇಡಿಯೋದ ಮ್ಯಾಲೇನ ಇಷ್ಟ ಕರುಳ ಇದ್ದಾಂವಗ ಹೇಣ್ತಿ ಮ್ಯಾಲೆ ಒಂದೀಟರ ಇದ್ದೇ ಇರತೈತಿ."

ಹೀಗೆ ಮದುವೆಯಾಯಿತು. ಅಪ್ಪ ಅಳಿಯನಿಗೆ ಇಷ್ಟಲಿಂಗ ಇಟ್ಟು ಕೊರಳಲ್ಲಿ ಧರಿಸುವ ಬೆಳ್ಳಿಯ ಕರಡಿಗೆ ಮಾಡಿಸಿಕೊಟ್ಟರು. ಅಕ್ಕ ಇಳಕಲ್ಲಿಗೆ ಹೋದಳು. ಅಲ್ಲಿ ಮಾಮಾನದು ರೇಡಿಯೋ ರಿಪೇರಿ ಅಂಗಡಿ. ಜತೆಗೆ ಮದುವೆ ಮುಂಜಿ, ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಬಾಡಿಗೆ. ಆಂಪ್ಲಿಫಾಯರನ್ನು ಸೈಕಲ್ಲಿನ ಹಿಂದೆ ಕಟ್ಟಿ, ಕಹಳೆಯಂಥ ಎರಡು ಸ್ಪೀಕರುಗಳನ್ನು ಹೆಗಲಿಗೆ ನೇತುಹಾಕಿಕೊಂಡು ಅವರು ಹೊರಟರೆ ಬೀದಿಯ ನಾಯಿಗಳೂ ದಾರಿ ಬಿಡುತ್ತಿದ್ದವು.

ಈಗ ಅಕ್ಕನ ವಿಷಯ ಹೇಳಬೇಕು. ಅಕ್ಕ ವಚನಗಳನ್ನು ಹಾಡಲು ಕುಳಿತರೆ ಎದುರಿಗಿದ್ದವರು ಕಣ್ಣು ಮುಚ್ಚಬೇಕು, ಅಷ್ಟು ಚೆಂದ. ಆದರೆ ಧ್ವನಿ ಬಲು ಸಣ್ಣದು. ಮೈಕ್ ಇಲ್ಲದಿದ್ದರೆ ಮೊದಲ ಸಾಲು ದಾಟುವುದಿಲ್ಲ. ಹೀಗಾಗಿ ಮೈಕಿನವನನ್ನು ಮದುವೆಯಾದದ್ದು ಒಳ್ಳೆಯದೇ ಆಯಿತು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಆಗಲೇ ಕಮತಗಿಯ ಕಾರ್ಯಕ್ರಮ ಬಂತು. ಮಟಮಟ ಮಧ್ಯಾಹ್ನ, ತಗಡಿನ ಚಪ್ಪರ. ಅಕ್ಕ ಹಾಡು ಎತ್ತಿಕೊಂಡು ಇನ್ನೇನು ಮೇಲಿನ ಸ್ವರ ಮುಟ್ಟಬೇಕು, ಆಂಪ್ಲಿಫಾಯರ್ ಮೊದಲು ಗುಂಯ್ ಅಂದಿತು, ಆಮೇಲೆ ಎಮ್ಮೆ ಒದರಿದಂತೆ ಒದರಿತು, ಕೊನೆಗೆ ಹೊಗೆ ಬಿಟ್ಟು ಸುಮ್ಮನಾಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಬಾಯಿ ಆಡಿಸುತ್ತಲೇ ಇದ್ದಳು, ಧ್ವನಿ ಯಾರಿಗೂ ಕೇಳಲಿಲ್ಲ. ಅದಕ್ಕೂ ನಕ್ಕರು. ಅವಳು ಮೆಲ್ಲಗೆ ಎದ್ದು ಕೆಳಗಿಳಿದು ಬಂದಳು.

ಅಂದಿನಿಂದ ಅಕ್ಕ ಹಾಡುವುದನ್ನೇ ಬಿಟ್ಟಳು! ವೇದಿಕೆಯ ಮಾತು ಹಾಗಿರಲಿ, ರೊಟ್ಟಿ ಬಡಿಯುವಾಗ ಗುನುಗುತ್ತಿದ್ದಳಲ್ಲ, ಅದೂ ನಿಂತಿತು. ನಾನು ರಜೆಗೆ ಹೋದಾಗ ಆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಕೇಳುತ್ತಿತ್ತು. ನನಗೆ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಮಾಮಾ ಹೆಂಡತಿಯನ್ನು ಸಮಾಧಾನ ಮಾಡಿದರೇ? ಇಲ್ಲ. ಒಂದು ಸೀರೆ ತಂದರೇ? ಇಳಕಲ್ಲಿನಲ್ಲಿದ್ದೂ ತರಲಿಲ್ಲ! ಅವರು ಆಂಪ್ಲಿಫಾಯರ್ ಬಿಚ್ಚಿ ಕುಳಿತರು. "ಇದನ್ನ ತಣ್ಣಗಿಡತೇನಿ. ಹೆಂಗಿರೂದಿಲ್ಲ ನೋಡತೇನಿ!" ಎಂದರು.

ವಿಷಯ ಇಷ್ಟೇ. ಧ್ವನಿ ದೊಡ್ಡದು ಮಾಡುವ ಕೆಲಸವೆಲ್ಲ ಕೋಟಿನ ಗುಂಡಿಯಷ್ಟಿರುವ ಒಂದು ಟ್ರಾನ್ಸಿಸ್ಟರಿನದು. ಅದು ದುಡಿದು ದುಡಿದು ಕಾಯುತ್ತದೆ, ಕಾವು ಹೊರಗೆ ಹೋಗದಿದ್ದರೆ ಸಾಯುತ್ತದೆ. "ಒಂದು ಫ್ಯಾನ್ ಹಚ್ರಿ" ಎಂದೆ. ಫ್ಯಾನಿನ ಗರಗರ ಮೈಕಿನೊಳಗೆ ಹೋಗುತ್ತದಂತೆ. "ದೊಡ್ಡ ಅಲ್ಯೂಮಿನಿಯಂ ತಗಡು ಹಚ್ರಿ" ಎಂದೆ. ಸೈಕಲ್ಲು ಹೊರುವುದಿಲ್ಲವಂತೆ. "ಸಣ್ಣದಿರಬೇಕು, ಅಂಗೈಯಾಗ ಹಿಡೀಬೇಕು, ಸಪ್ಪಳ ಮಾಡಬಾರದು, ನೀರಿನಂಥಾದ್ದು ಏನರ ಕಾವನ್ನ ಹೊತ್ಗೊಂಡು ಹೋಗಬೇಕು" ಎಂದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ!

ಮೊದಲ ಪ್ರಯೋಗ ಕುಸುಬಿ ಎಣ್ಣೆಯದು. ಎಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲ, ಆದ್ದರಿಂದ ಇಡೀ ಯಂತ್ರವನ್ನೇ ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿದರಾಯಿತು ಎಂಬುದು ಅವರ ತರ್ಕ. ಅಕ್ಕ ವರ್ಷಕ್ಕೆಂದು ಗಾಣದಿಂದ ತರಿಸಿಟ್ಟ ಎಣ್ಣೆ ಅದರೊಳಗೆ ಹೋಯಿತು. ಹುನಗುಂದದ ಒಂದು ಮದುವೆಗೆ ಆ ಡಬ್ಬಿ ಹೊರಟಿತು. ಯಂತ್ರ ಸುಡಲಿಲ್ಲ, ಅದು ಖರೆ. ಆದರೆ ತಾಳಿ ಕಟ್ಟುವ ಹೊತ್ತಿಗೆ ಎಣ್ಣೆ ಕಾದು ಘಮ್ಮೆಂದು ವಾಸನೆ ಎದ್ದಿತು ನೋಡಿ! ಭಜಿ ಕರಿಯುತ್ತಿದ್ದಾರೆ ಎಂದುಕೊಂಡು ಬೀಗರ ಕಡೆಯವರು ಅಕ್ಷತೆಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಊಟದ ಪಂಕ್ತಿಯಲ್ಲಿ ಕುಳಿತುಬಿಟ್ಟರು. ವಿಷಯ ತಿಳಿದ ಅಕ್ಕ ಅಂದದ್ದು ಒಂದೇ ಮಾತು: "ನಾಕ ಮೆಣಸಿನಕಾಯಿ ಬಿಟ್ಟಿದ್ರ ಬಂದ ಮಂದಿಗೆ ಹೊಟ್ಟಿ ತುಂಬತಿತ್ತು."

ಎಣ್ಣೆಯ ಪ್ರಯೋಗ ಅಲ್ಲಿಗೆ ಮುಗಿಯಿತು. ಡಬ್ಬಿ ಹೊತ್ತ ಸೈಕಲ್ಲು ಬರುವಾಗ ಎರಡು ಸಲ ಹಿಂದಕ್ಕೆ ಮಗುಚಿತ್ತು ಬೇರೆ.

ಮುಂದೆ ಒಂದು ಸಲ ನಮ್ಮನ್ನೆಲ್ಲ ಬಾದಾಮಿ ತೋರಿಸಲು ಕರೆದೊಯ್ದರು. ಜಗತ್ತೇ ಬಂದು ನೋಡುವ ಗುಹೆಗಳು! ಇವರು ಮೆಟ್ಟಿಲು ಹತ್ತಲೇ ಇಲ್ಲ. ಕೆಳಗೆ ಹೊಂಡದ ದಂಡೆಯಲ್ಲಿ ಕುಳಿತು ನೀರಿನಲ್ಲಿ ಕೈ ಆಡಿಸುತ್ತಿದ್ದರು. ನಾವು ಇಳಿದು ಬರುವಷ್ಟರಲ್ಲಿ ಮಂಗಗಳು ನಮ್ಮ ಬುತ್ತಿಯ ಗಂಟು ಬಿಚ್ಚಿ, ಅವರು ಬಿಟ್ಟೆದ್ದ ಜಾಗದಲ್ಲೇ ಕುಳಿತು, ನೆಂಟರಂತೆ ಸಾವಕಾಶ ಊಟ ಮಾಡುತ್ತಿದ್ದವು. ಕಾವಲಿಗೆ ಬಿಟ್ಟಿದ್ದ ಮನುಷ್ಯ ಎದೆಯವರೆಗೆ ನೀರಿನಲ್ಲಿ ನಿಂತಿದ್ದಾರೆ, ಧೋತರದ ಸಮೇತ!

"ಏ, ಬರ್ರಿಲ್ಲೆ! ಮ್ಯಾಲಿನ ನೀರು ಮುಟ್ರಿ, ಬಿಸಿ! ತಳದಾಗ ಕಾಲ ಇಡ್ರಿ, ತಣ್ಣಗ! ಕಾದ ನೀರು ತಾನ ಮ್ಯಾಲೇಳತೈತಿ, ತಣ್ಣಂದು ತಾನ ಕೆಳಗಿಳೀತೈತಿ. ಪಂಪ್ ಬ್ಯಾಡ, ಫ್ಯಾನ್ ಬ್ಯಾಡ, ಏನೂ ಬ್ಯಾಡ!"

"ನಮಗ ರೊಟ್ಟಿ ಬೇಕಾಗಿತ್ರಿ" ಎಂದೆ ನಾನು.

ಅವರಿಗೆ ಕೇಳಿಸಿದರಲ್ಲವೆ? ಊರಿಗೆ ಬಂದವರೇ ಕೊಳವೆಗಳನ್ನು ಬೆಸೆಯತೊಡಗಿದರು. ಟ್ರಾನ್ಸಿಸ್ಟರಿಗೆ ಒತ್ತಿ ಕೂರಿಸಲು ನೀರು ತುಂಬುವ ಪುಟ್ಟ ಪಾತ್ರೆಯೊಂದು ಬೇಕು. ಕಬ್ಬಿಣ ನಡೆಯುವುದಿಲ್ಲ, ತಾಮ್ರ ಅಡ್ಡಿಯಿಲ್ಲ, ಆದರೆ ಕಾವನ್ನು ಎಲ್ಲಕ್ಕಿಂತ ಚೆನ್ನಾಗಿ ಸಾಗಿಸುವುದು ಬೆಳ್ಳಿ. ಅಂಗೈಯಲ್ಲಿ ಹಿಡಿಯುವಂಥದು, ಮುಚ್ಚಳ ಇರುವಂಥದು, ಒಂದು ಕಡೆಯಿಂದ ನೀರು ಬಂದು ಇನ್ನೊಂದು ಕಡೆಯಿಂದ ಹೋಗಲು ಎರಡು ಕಿವಿ ಇರುವಂಥದು... ಅಯ್ಯೋ ಶಿವನೇ! ಅವರ ಕೈ ತಮ್ಮ ಕೊರಳಿಗೇ ಹೋಯಿತು.

ಹೌದು, ಅಪ್ಪ ಕೊಟ್ಟ ಕರಡಿಗೆ! ಲಿಂಗವನ್ನು ಭಕ್ತಿಯಿಂದ ಬಿಳಿಯ ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಬೆಳ್ಳಿ ಇಲ್ಲದವರೆಲ್ಲ ಧರಿಸುವುದು ಹಾಗೆಯೇ, ಅದರಲ್ಲಿ ತಪ್ಪಿಲ್ಲ. ಬರಿದಾದ ಕರಡಿಗೆಯನ್ನು ಹಿಡಿದು ಬೆಳ್ಳಿ ಕೆಲಸದ ಪತ್ತಾರನ ಹತ್ತಿರ ಹೋದರು. ಅವನು ಕೇಳಿದವನೇ ಎರಡೂ ಕೈ ಜೋಡಿಸಿ "ನಾ ಮಕ್ಕಳೊಂದಿಗ್ರಿ" ಎಂದ. ಕೊನೆಗೆ ಮಾಮಾ ತಾವೇ ಬೆಸೆದರು. ದಾರ ಪೋಣಿಸುತ್ತಿದ್ದ ಎರಡು ಕಿವಿಗಳಿಗೆ ಎರಡು ಸಪೂರ ಕೊಳವೆ. ಕರಡಿಗೆಯಲ್ಲಿ ಕಾದ ನೀರು ಒಂದು ಕೊಳವೆಯಿಂದ ಮೇಲಿನ ತಾಮ್ರದ ಗಿಂಡಿಗೆ ಏರಬೇಕು, ಗಿಂಡಿಗೆ ಸುತ್ತಿದ ಹಸಿ ಬಟ್ಟೆ ಅದನ್ನು ಆರಿಸಬೇಕು, ಆರಿದ ನೀರು ಇನ್ನೊಂದು ಕೊಳವೆಯಿಂದ ಇಳಿಯಬೇಕು. ಬಿಸಿಲಿನಲ್ಲಿಟ್ಟು ಇಡೀ ದಿನ ಒದರಿಸಿದರೂ ಯಂತ್ರ ಸುಡಲಿಲ್ಲ! ಮಾಮಾ ಅಂಗಳದಲ್ಲಿ ಕುಣಿದದ್ದನ್ನು ನಾನೇ ನೋಡಿದ್ದೇನೆ.

ಇಳಕಲ್ಲಿನಲ್ಲಿ ಬಸವ ಜಯಂತಿಯ ಸಭೆ ಬಂತು. ಮಾಮಾ ಅಕ್ಕನ ಮುಂದೆ ಆಂಪ್ಲಿಫಾಯರ್ ಇಟ್ಟರು. "ಇದು ಇನ್ನ ನಿನ್ನ ಕೈ ಬಿಡೂದಿಲ್ಲ. ಹಾಡೂದು ಬಿಡೂದು ನಿನ್ನ ಕಡೆ."

ಅಕ್ಕ ಕರಡಿಗೆಯನ್ನು ಮುಟ್ಟಿ ನೋಡಿದಳು. "ಅಪ್ಪ ನೋಡಿದ್ರ ನಿಮ್ಮನ್ನ ಜೀವಸಹಿತ ಬಿಡೂದಿಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಒಂದ ಹಾಡು. ಅದೂ ಕೆಟ್ಟಿತಂದ್ರ ಜನ್ಮದಾಗ ಬಾಯಿ ತಗಿಯೂದಿಲ್ಲ" ಎಂದಳು.

ಮಗಳು ಮತ್ತೆ ಹಾಡುತ್ತಾಳೆಂದು ತಿಳಿದು ಅಪ್ಪ ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೇ ಬಂದರು. ಇಸ್ತ್ರಿ ಧೋತರ, ತಲೆಗೆ ಹಳದಿ ರೇಷ್ಮೆ ರುಮಾಲು. ಚಪ್ಪರದೊಳಗೆ ಕಾಲಿಡುತ್ತಲೇ ಅಳಿಯನ ಕೊರಳು ನೋಡಿದರು.

"ನಾ ಕೊಟ್ಟ ಕರಡಗಿ ಎಲ್ಲಿ?"

ಬೇರೆ ಯಾರಾದರೂ ಆಗಿದ್ದರೆ ಒಂದು ಸುಳ್ಳು ಹೇಳುತ್ತಿದ್ದರು. ಮಾಮಾ ಉಬ್ಬಿಹೋಗಿ, "ಅಲ್ಲೈತಿ ನೋಡ್ರಿ ಮಾವಾರ! ಮುಟ್ರಿ, ಹೆಂಗ ತಣ್ಣಗೈತಿ!" ಎಂದುಬಿಟ್ಟರು.

ಅಪ್ಪನ ಮೀಸೆ ನಡುಗಿತು. "ಲಿಂಗ ಇರೂ ಜಾಗಾದಾಗ ನೀರ ತುಂಬೀಯೇನೋ?"

"ಲಿಂಗಕ್ಕ ದಿನಾ ನೀರ ಹಾಕತೀವಲ್ರಿ?"

"ಇವತ್ತಿನಿಂದ ನಿನಗೂ ನನಗೂ ಮಾತಿಲ್ಲ!" ಎಂದವರೇ ಅಪ್ಪ ಕುರ್ಚಿಯನ್ನು ಆ ಕಡೆ ತಿರುಗಿಸಿ ಕುಳಿತರು. ಎದ್ದು ಹೋಗಿಯೇಬಿಡುತ್ತಿದ್ದರು. ಆದರೆ ಊರಿಗೆ ಹೋಗುವ ಬಸ್ಸು ಸಂಜೆಗಿತ್ತು!

ಸ್ವಾಗತ ಆಯಿತು, ಭಾಷಣಗಳಾದವು. ಅಕ್ಕನ ಸರದಿ ಬಂತು. ಮೈಕಿನ ಮುಂದೆ ಕುಳಿತು ಕಣ್ಣು ಮುಚ್ಚಿದಳು. ಹಾಡು ಎತ್ತಿಕೊಂಡಳು. ಎಷ್ಟು ವರ್ಷಗಳಾಗಿದ್ದವು ಆ ಧ್ವನಿ ಕೇಳಿ! ಚಪ್ಪರದ ಕೊನೆಯಲ್ಲಿ ಗದ್ದಲ ಮಾಡುತ್ತಿದ್ದ ಹೆಂಗಸರೂ ಸುಮ್ಮನಾದರು. ವೇದಿಕೆಯ ಕೆಳಗೆ ಆಂಪ್ಲಿಫಾಯರಿನ ಪಕ್ಕದಲ್ಲಿ ನಿಂತಿದ್ದ ನನ್ನ ಕಣ್ಣು ತುಂಬಿ ಬಂತು. ಪಕ್ಕಕ್ಕೆ ತಿರುಗಿದರೆ ಮಾಮಾನ ಮುಖ ಬಿಳಿಚಿಕೊಂಡಿದೆ.

ಗಿಂಡಿಗೆ ಸುತ್ತಿದ್ದ ಹಸಿ ಬಟ್ಟೆ ಇಲ್ಲ! ಯಾರು ತೆಗೆದರು? ಸ್ವಾಗತ ಸಮಿತಿಯ ಮಹಾನುಭಾವರೊಬ್ಬರು ಅದೇ ಬಟ್ಟೆಯಿಂದ ಅಧ್ಯಕ್ಷರ ಕುರ್ಚಿ ಒರೆಸಿ, ಮಡಿಚಿ, ಅದರ ಮೇಲೆ ಹಾಸಿದ್ದರು. ಅಧ್ಯಕ್ಷರು ಹಾಯಾಗಿ ಅದರ ಮೇಲೆ ಕುಳಿತಿದ್ದರು. ಆ ಸಭೆಯಲ್ಲಿ ತಣ್ಣಗಿದ್ದವರು ಅವರೊಬ್ಬರೇ! ಇತ್ತ ಗಿಂಡಿ ಸುಡುತ್ತಿತ್ತು. ಕೊಳವೆಯ ಒಂದು ಬೆಸುಗೆ ಬಿಟ್ಟು ನೀರು ಚಿಮ್ಮತೊಡಗಿತು. ಮಾಮಾ ಎರಡೂ ಹೆಬ್ಬೆರಳಿನಿಂದ ಅದನ್ನು ಅದುಮಿ ಹಿಡಿದರು. ಸ್ಪೀಕರು ಸಣ್ಣಗೆ ಗುಂಯ್ ಅಂದಿತು. ಅದೇ ಕಮತಗಿಯ ಗುಂಯ್! ವೇದಿಕೆಯ ಮೇಲೆ ಅಕ್ಕನಿಗೂ ಅದು ಕೇಳಿಸಿತು. ಅವಳು ಕಣ್ಣು ಬಿಟ್ಟಳು.

"ಅರಿವಿ! ಯಾರರ ಹಸಿ ಅರಿವಿ ತರ್ರೋ!" ಮಾಮಾನ ಧ್ವನಿ ಅಳುವಂತಿತ್ತು. ನಾನು ದಿಕ್ಕು ತೋಚದೆ ಅತ್ತಿತ್ತ ಓಡಿದೆ. ತಿರುಗಿ ನೋಡಿದರೆ ಅಪ್ಪ ಕುರ್ಚಿ ಬಿಟ್ಟು ಎದ್ದಿದ್ದರು. ಮಾತಿಲ್ಲ, ಕತೆಯಿಲ್ಲ, ತಲೆಯ ರುಮಾಲನ್ನು ತೆಗೆದು ಸರಸರನೆ ಬಿಚ್ಚಿದರು. ಪಕ್ಕದಲ್ಲಿ ಸಭೆಗೆಂದು ಇಟ್ಟ ನೀರಿನ ಹರವಿಯೊಳಗೆ ಅದನ್ನು ಹಾಗೆಯೇ ಅದ್ದಿದರು.

"ಯಜಮಾನ್ರ, ಅದು ಕುಡಿಯೂ ನೀರ್ರೀ!" ಎಂದು ಸಮಿತಿಯವರು ಓಡಿಬಂದರು.

"ಸುಮ್ಕಿರ್ರಿ. ನನ್ನ ಮಗಳು ಹಾಡಾಕತ್ತಾಳ."

ನಮ್ಮ ಕಡೆ ಹಿರಿಯರು ನಾಲ್ಕು ಜನರ ನಡುವೆ ರುಮಾಲು ತೆಗೆಯುವುದಿಲ್ಲ. ಸಾವಿನ ಮನೆಯಲ್ಲಿ ತೆಗೆದರೆ ಉಂಟು. ಅಪ್ಪ ಊರ ಜನರೆದುರು ಬರಿ ತಲೆಯಲ್ಲಿ, ನೆಲಕ್ಕೆ ಮೊಣಕಾಲೂರಿ, ಹಳದಿ ರೇಷ್ಮೆಯನ್ನು ಗಿಂಡಿಗೆ ಸುತ್ತಿ ಎರಡೂ ಕೈಯಿಂದ ತಬ್ಬಿ ಹಿಡಿದರು. ನೀರು ಅವರ ಮೊಣಕೈಯಿಂದ ಇಳಿದು ಇಸ್ತ್ರಿ ಧೋತರವೆಲ್ಲ ತೊಯ್ದಿತು. ಎದುರಿಗೆ ಮಾಮಾ ಬೆಸುಗೆ ಹಿಡಿದು ಕುಳಿತಿದ್ದಾರೆ. ಮಾತು ಬಿಟ್ಟ ಇಬ್ಬರ ತಲೆಗಳೂ ಆ ಪುಟ್ಟ ಬೆಳ್ಳಿಯ ಮೇಲೆ ಒಂದಕ್ಕೊಂದು ತಾಗುತ್ತಿದ್ದವು. ಗುಂಯ್ ಸಪ್ಪಳ ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು.

ಅಕ್ಕ ಮೇಲಿನಿಂದ ಅಪ್ಪನ ನರೆತ ಬರಿದಲೆಯನ್ನು ನೋಡಿದಳು. ಅವಳ ಧ್ವನಿ ಒಮ್ಮೆ ಒಡೆಯಿತು. ಆದರೆ ಅವಳು ಬಿಡಲಿಲ್ಲ. ಕಮತಗಿಯಲ್ಲಿ ಮುಟ್ಟಲಾಗದ ಮೇಲಿನ ಸ್ವರವನ್ನು ಮುಟ್ಟಿ, ಹಾಡನ್ನು ಪೂರ್ತಿ ಮಾಡಿ ಕೈ ಮುಗಿದಳು. ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು! ಒಂದೇ ಹಾಡು ಎಂದಿದ್ದಳಲ್ಲ, ಏಳಲು ಹೊರಟಳು.

ಅಪ್ಪ ಕೈ ಸಡಿಲಿಸಿರಲಿಲ್ಲ. ಅಳಿಯನ ಮುಖ ನೋಡದೆ ಕೇಳಿದರು: "ಇನ್ನೊಂದು ಹಾಡು ತಡೀತೈತೇನು ಇದು?"

"ನೀವು ಹಿಡದ್ರ ತಡೀತೈತ್ರಿ ಮಾವಾರ."

ಅಪ್ಪ ರುಮಾಲನ್ನು ಮತ್ತೊಮ್ಮೆ ಹರವಿಯಲ್ಲಿ ಅದ್ದಿ ತಂದು ಗಿಂಡಿಗೆ ಸುತ್ತಿದರು. ಆಮೇಲೆ ವೇದಿಕೆಯ ಕಡೆ ಮುಖ ಎತ್ತಿ ಹೇಳಿದರು: "ಹಾಡವ್ವಾ. ನಾ ಹಿಡದೇನಿ."