ಮೌಶಿ ಹಾಕಿದ ಚಿಲಕ

ಮೆಲ್ಬರ್ನಿನ ಹೊರವಲಯದ ಕ್ರಾನ್‌ಬರ್ನಿನ ಆ ಮನೆಯ ಮುಂಬಾಗಿಲಲ್ಲಿ, ಹಿಡಿಕೆಯ ಕೆಳಗೆ ಹೆಬ್ಬೆರಳಿನಷ್ಟು ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತದೆ. ಚಿಲಕ ಬಿದ್ದಿದೆಯೋ ಇಲ್ಲವೋ ಎಂದು ನನ್ನ ಮೌಶಿ ಒತ್ತಿ ಒತ್ತಿ ನೋಡಿದ ಜಾಗ ಅದು. ಮೌಶಿ ಎಂದರೆ ಅಮ್ಮನ ತಂಗಿ, ಬೆಳಗಾವಿಯವರು; ಗಂಡ, ನಮ್ಮ ಕಾಕಾ, ತೀರಿಕೊಂಡ ಮೇಲೆ ಒಬ್ಬರೇ ಇರುತ್ತಾರೆ. ಮೆಲ್ಬರ್ನಿನ ಕಳ್ಳರು ಬಡವರಾಗಿದ್ದರೆ ಅದಕ್ಕೆ ಪೊಲೀಸರು ಕಾರಣರಲ್ಲ, ಇವರು!

ನಾನು ಸಿಡ್ನಿಯಿಂದ ಬಂದು ಇವರ ಮನೆಯಲ್ಲಿ ಉಳಿದರೆ, ಕಸದ ಡಬ್ಬಿ ಹೊರಗಿಟ್ಟು ಬಂದವಳೂ ಬೆಲ್ ಒತ್ತಬೇಕು.

"ನಾನು, ಮೌಶಿ."

"ನಾನು ಅಂದ್ರ ಯಾರು?"

ಋಷಿಗಳೇ ತಡಕಾಡಿದ ಪ್ರಶ್ನೆಗೆ ನಾನೇನು ಹೇಳಲಿ?

ಕಳೆದ ಚಳಿಗಾಲದಲ್ಲಿ ಪಕ್ಕದ ಮನೆಯ ಯಹೂದಿ ಅಜ್ಜ ತೀರಿಕೊಂಡರು. ಬೇಲಿಯ ಮೇಲಿಂದ ಮೌಶಿಗೆ ನಿಂಬೆಹಣ್ಣು ಕೊಡುತ್ತಿದ್ದವರು. ಅವರ ಮಗ ನಮಗೆ ಮುಂಚೆಯೇ ಹೇಳಿದ್ದರು: ಸೂತಕದ ಏಳು ದಿನ ಬಾಗಿಲಿಗೆ ಚಿಲಕ ಹಾಕುವುದಿಲ್ಲ; ಬೆಲ್ ಒತ್ತದೆ ಒಳಗೆ ಬನ್ನಿ; ಅಮ್ಮ ತಾವಾಗಿ ಮಾತಾಡುವವರೆಗೆ ಸುಮ್ಮನೆ ಕುಳಿತಿರಿ.

"ಬಾಗಲಾ ತಗದ ಇಡ್ತಾರ? ಯಾರರ ಒಳಗ ಬಂದ್ರ?"

"ಬರಲಿ ಅಂತನ ತಗದಿಡ್ತಾರ, ಮೌಶಿ."

"ಅದರ ಮ್ಯಾಲ ಮಾತಾಡಬಾರದಂತ! ನಾ ಅಂಥಾದ್ದೇನ ಮಾತಾಡ್ತೇನಿ?"

ರಾಂಗ್ ನಂಬರಿನವರಿಗೂ ಊಟ ಆಯಿತೇ ಎಂದು ಕೇಳುವವರು ಇವರು!

ಸಂಜೆ ಹೋದೆವು. ಅವರ ಸೂತಕದ ಪದ್ಧತಿಯಂತೆ ಕನ್ನಡಿಗಳಿಗೆಲ್ಲ ಬಿಳಿ ಬಟ್ಟೆ ಮುಚ್ಚಿತ್ತು. ಮೂಲೆಯಲ್ಲೊಂದು ದೀಪ. ಅಜ್ಜಿ ನೆಲಕ್ಕೆ ಹತ್ತಿರದ ಗಿಡ್ಡ ಸ್ಟೂಲಿನ ಮೇಲೆ ಕುಳಿತಿದ್ದರು. ಮೌಶಿಯ ಬೆರಳುಗಳು ನನ್ನ ಮೊಣಕೈಗೆ ನಾಟಿದವು. ನನಗೂ ಹೆದರಿಕೆಯೇ, ಇವರೆಲ್ಲಿ ಬಾಯಿ ತೆರೆಯುತ್ತಾರೋ ಎಂದು.

ತಂದೆಗಾಗಿ ಮಗ ಹೇಳುವ ಪ್ರಾರ್ಥನೆಗೆ ಅವರ ಧರ್ಮದ ಹತ್ತು ಗಂಡಸರು ಸೇರಬೇಕಂತೆ. ಅಲ್ಲಿದ್ದವರು ಮಗನೂ ಸೇರಿ ಎಂಟೇ. ಇನ್ನಿಬ್ಬರು ಮೆಲ್ಬರ್ನಿನ ಆಚೆ ತುದಿಯಿಂದ ಡ್ರೈವ್ ಮಾಡಿಕೊಂಡು ಬರಬೇಕು. ಕತ್ತಲಾಗುವ ಮುಂಚೆ ಬಾರದಿದ್ದರೆ ಆ ದಿನದ ಪ್ರಾರ್ಥನೆ ಇಲ್ಲ. ಕಿಟಕಿಯಲ್ಲಿ ಬೆಳಕು ಇಳಿಯುತ್ತಿತ್ತು. ಮಗ ಅದನ್ನೇ ನೋಡುತ್ತಿದ್ದರು.

ಆಗ ಬಾಗಿಲ ಹಿಡಿಕೆ ಮೆಲ್ಲಗೆ ತಿರುಗಿತು. ನಿಂತಿತು. ಯಾರೂ ಒಳಗೆ ಬರಲಿಲ್ಲ. ಮತ್ತೆ ತಿರುಗಿತು. ಗಾಜಿನಾಚೆ ಎರಡು ಕಪ್ಪು ಆಕಾರಗಳು, ತಟ್ಟಲಿಲ್ಲ, ಕರೆಯಲಿಲ್ಲ. ಮಗ ಬಿಳಚಿಕೊಂಡು ತಾಯಿಯ ಮುಂದೆ ಬಂದು ನಿಂತರು. ಯಹೂದಿಗಳೆಂಬ ಕಾರಣಕ್ಕೇ ದಾಳಿಗೆ ಗುರಿಯಾಗುವ ಇವರ ಭಯ ಮೌಶಿಯ ಭಯದಂತೆ ನಗುವ ವಿಷಯವಲ್ಲ ಎಂದು ನನಗೆ ಆಗ ತಿಳಿಯಿತು.

ಪಕ್ಕದಲ್ಲಿ ಮೌಶಿ ಬಾಗಿಲಿನತ್ತ ಕೈ ತೋರಿಸಿದರು, ಬೆರಳು ತಿರುವಿದರು, ಹಣೆ ಚಚ್ಚಿಕೊಂಡರು. ಮಾತಾಡುವಂತಿಲ್ಲವಲ್ಲ! ಬಾತ್‌ರೂಮಿಗೆ ಹೋಗಬೇಕೇನೋ ಎಂದುಕೊಂಡೆ.

"ನನ್ನ ಬಾಗಿಲಿಗೆ ಯಾರು ಚಿಲಕ ಹಾಕಿದ್ದು?" ಅಜ್ಜಿ ಕೇಳಿದರು. ಅದೇ ಅವರ ಮೊದಲ ಮಾತು.

"ಸಾರಿ, ಸಾರಿ! ಮೀ ಓನ್ಲಿ! ಮೈ ಹ್ಯಾಂಡ್, ಹ್ಯಾಬಿಟ್!" ಕಟ್ಟೆ ಒಡೆದಂತೆ ಮೌಶಿ ಬಾಗಿಲಿಗೆ ಓಡಿದರು.

ಬೆಲ್ ಒತ್ತುವಂತಿಲ್ಲವೆಂದು ಆ ಇಬ್ಬರು ಚಳಿಯಲ್ಲಿ ಸಭ್ಯವಾಗಿ ನಿಂತಿದ್ದರು! ಅಜ್ಜಿ ನಕ್ಕುಬಿಟ್ಟರು. ಕಿಟಕಿಯಲ್ಲಿ ಇನ್ನೂ ಚೂರು ಬೆಳಕಿತ್ತು. ಮಗ ತಂದೆಗಾಗಿ ಪ್ರಾರ್ಥಿಸಿದರು. ಉಳಿದವರು ಆಮೆನ್ ಎಂದರು.

ಹೊರಡುವಾಗ ಅಜ್ಜಿ ಮೌಶಿಯ ಕೈ ಹಿಡಿದು ಕೇಳಿದರು: "ಯಾಕಮ್ಮ, ಅಷ್ಟು ಭಯ?"

ಮೌಶಿ ಅವರ ಕೈ ಸವರಿ ಹೊರಟರು. ಮನೆಗೆ ಬಂದು, ಚಿಲಕ ಹಾಕಿ, ಹೆಬ್ಬೆರಳಿಂದ ಒತ್ತಿ ನೋಡಿ, ಬಾಗಿಲಿಗೇ ಹೇಳುವಂತೆ ಹೇಳಿದರು: "ನಿಮ್ಮ ಕಾಕಾ ಹೋದಾಗ ನಾನೂ ಬಾಗಲಾ ತಗದ ಇಟ್ಟಿದ್ದೆ. ಎಲ್ಲಾರೂ ಫೋನ್ ಮಾಡಿದ್ರು. ಯಾರೂ ಬರಲಿಲ್ಲ. ಚಿಲಕಾ ಹಾಕ್ಕೊಂಡ್ರ, ಬಾಗಲಾ ಹಾಕೇತಿ ಅಂತ ಯಾರೂ ಬಂದಿಲ್ಲ ಅಂದ್ಕೋಬಹುದು."

ಫೋನ್ ಮಾಡಿದವರಲ್ಲಿ ನಾನೂ ಒಬ್ಬಳು. ಮರುದಿನ ಬೆಳಿಗ್ಗೆ ನಾನು ಚಿಲಕ ತೆಗೆದು ಹೊರಗೆ ಹೋದೆ. ಬಾಗಿಲು ಎಳೆದುಕೊಂಡೆ. ಬೆಲ್ ಒತ್ತದೆ ಹಿಡಿಕೆ ತಿರುಗಿಸಿ ಒಳಗೆ ಬಂದೆ. ಚಹಾ ಕುಡಿಯುತ್ತಿದ್ದ ಮೌಶಿಯ ಪಕ್ಕದಲ್ಲಿ, ಅವರು ಮಾತಾಡುವವರೆಗೆ ಸುಮ್ಮನೆ ಕುಳಿತೆ.