ಸೋತವನ ಹಕ್ಕು, ಬಿನ್ ಮಂಜಯ್ಯ

ಸೋಲುವುದರಲ್ಲಿ ನನಗೆ ಅನುಭವ ಕಡಿಮೆ. ಹಿಂದೆ ಯಾವ ಚುನಾವಣೆಗೂ ನಿಂತವನಲ್ಲ. ಹಾಗಾಗಿ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ ಚುನಾವಣೆಯಲ್ಲಿ ಕದಂ ಸಾಹೇಬರಿಗೆ ಇಪ್ಪತ್ತೇಳು, ಹೋಟೆಲಿನ ಶೆಟ್ಟರಿಗೆ ಇಪ್ಪತ್ತಾರು, ನನಗೆ ನಾಲ್ಕು ಓಟು ಬಂದಾಗ ನಾನು ಸೋತೆನೆಂದು ತಕ್ಷಣ ಹೊಳೆಯಲಿಲ್ಲ. ಎಣಿಕೆ ಇನ್ನೂ ನಡೆಯುತ್ತಿದೆ ಎಂದುಕೊಂಡಿದ್ದೆ!

ಯಾಕೆಂದರೆ ಲಿಫ್ಟಿನಲ್ಲಿ ಹನ್ನೊಂದು ಜನ ನನ್ನ ಕೈಹಿಡಿದು ಮಾತು ಕೊಟ್ಟಿದ್ದರು. ಹನ್ನೊಂದೋ, ಏಳೋ. ಒಬ್ಬರೇ ಎರಡು ಸಲ ಹಿಡಿದಿರಲೂಬಹುದು. ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಪ್ರಚಾರ ಮಾಡುತ್ತದೆ, ಅದನ್ನು ನಂಬಬೇಡಿ. ನಾನು ನಂಬಿದೆ.

ಒಂದು ಓಟಿನಿಂದ ಸೋತ ಶೆಟ್ಟರು ಮರುಎಣಿಕೆ ಕೇಳಿ ಕಲ್ಯಾಣದ ಚುನಾವಣಾ ಅಧಿಕಾರಿಗೆ ದೂರು ಕೊಟ್ಟರು. ಅದರಲ್ಲಿ ಎದುರಾಳಿಯೆಂದು ಕದಂ ಸಾಹೇಬರ ಹೆಸರು ಮಾತ್ರ ಇತ್ತು. ನಾನು ಎಲ್ಲಿಯೂ ಇರಲಿಲ್ಲ!

“ಮೂವರು ನಿಂತ ಚುನಾವಣೆಯ ವ್ಯಾಜ್ಯದಲ್ಲಿ ಇಬ್ಬರೇ ಮಾತಾಡುವುದೆಂದರೇನು?” ಎಂದು ಮನೆಯಲ್ಲಿ ಗುಡುಗಿದೆ. “ಸೋತ ಅಭ್ಯರ್ಥಿಗೂ ಮಧ್ಯಪ್ರವೇಶದ ಹಕ್ಕಿದೆ. ನನ್ನ ಓಟಿನ ಕಟ್ಟು ಬಿಚ್ಚುವಾಗ ನಾನು ಅಲ್ಲಿರಲೇಬೇಕು!”

ಹೆಂಡತಿ ಶಾರದೆ ಬದನೆಕಾಯಿ ಹೆಚ್ಚುತ್ತಿದ್ದಳು. “ನಾಲ್ಕು ಓಟಿಗೆ ಕಟ್ಟು ಎಂತಕ್ಕೆ? ಒಂದು ಗುಂಡುಸೂಜಿ ಸಾಕು.”

ಶೆಟ್ಟರಂತೂ ಮೆಟ್ಟಿಲಲ್ಲೇ ಕೈಮುಗಿದರು. “ರಾಯರೇ, ನೀವೊಬ್ರು ಸುಮ್ಮನಿರಿ ಮಾರಾಯ್ರೆ. ನೀವು ಮಧ್ಯ ಬಂದ್ರೆ ನನ್ನ ಕೇಸು ಹಳ್ಳ ಹಿಡೀತದೆ.”

“ಶೆಟ್ರೇ, ಇದು ತತ್ತ್ವದ ಪ್ರಶ್ನೆ.”

“ತತ್ತ್ವ ನಾಳೆ ನೋಡುವ. ಈಗ ಮನೆಗೆ ಹೋಗಿ.”

ನಾನು ಕಲ್ಯಾಣಕ್ಕೆ ಹೋದೆ. ಕಚೇರಿಯ ಹುಡುಗಿ ಮೇಜಿನ ಮೇಲೆ ಎರಡು ಬಗೆಯ ಮರಾಠಿ ಫಾರಂ ಇಟ್ಟುಕೊಂಡಿದ್ದಳು. “ಕಾಕಾ, ವಾಚೂನ್ ದೇಊ ಕಾ?” ಓದಿ ಹೇಳಲೇ ಎಂದು ನನ್ನನ್ನು ಕೇಳಿದಳು! ಮೂವತ್ತು ವರ್ಷ ಲೋಕಲ್ ಟ್ರೇನಿನಲ್ಲಿ ಒಂಟಿ ಕಾಲಲ್ಲಿ ನಿಂತು, ಬೇರೆಯವರ ಮರಾಠಿ ಪೇಪರನ್ನು ಅವರ ಹೆಗಲ ಮೇಲಿಂದ ಓದಿದವನಿಗೆ ಈ ಅವಮಾನ. ಮೇಲಿದ್ದ ಫಾರಂ ಎಳೆದುಕೊಂಡೆ.

ಹೆಸರು ಬರೆದೆ. ಆ ಸಾಲಿನ ಕೊನೆಯಲ್ಲಿ ‘ಬಿನ’ ಎಂದಿತ್ತು. ನಮ್ಮೂರಿನ ಪಹಣಿ, ಕಂದಾಯದ ಕಾಗದ ಎಲ್ಲದರಲ್ಲೂ ‘ಬಿನ್’ ಎಂದರೆ ‘ಇಂಥವರ ಮಗ’ ಎಂದರ್ಥ. ಇಲ್ಲಿಯವರೂ ನಮ್ಮ ಪದ್ಧತಿ ಹಿಡಿದಿದ್ದಾರಲ್ಲ ಎಂದು ಹೆಮ್ಮೆಪಟ್ಟು, ಅಂಚಿನ ಖಾಲಿ ಜಾಗದಲ್ಲಿ ತಂದೆಯವರ ಹೆಸರನ್ನು ದುಂಡಗೆ ಬರೆದೆ: ಮಂಜಯ್ಯ. ಮುಂದಿನ ಸಾಲಿನಲ್ಲಿ ‘ಶರ್ತ ಮಾಘಾರ’ ಎಂದಿತ್ತು. ಶರ್ತ ಎಂದರೆ ಷರತ್ತು, ಗೊತ್ತು. ಮಾಘಾರ? ಮರಾಠಿಯಲ್ಲಿ ‘ಮಾಗಣೀ’ ಎಂದರೆ ಬೇಡಿಕೆ; ಇದು ಅದರ ದಾಯಾದಿಯೇ ಇರಬೇಕು. ಸಹಿ ಹಾಕಿದೆ.

ವಿಚಾರಣೆಯ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಾಜರಾದೆ. ನಾಲ್ಕು ಓಟಿನವರಿಗೆ ಇಲ್ಲೇನು ಕೆಲಸ ಎಂದರು ಕದಂ ಸಾಹೇಬರ ವಕೀಲರು. ಶೆಟ್ಟರ ವಕೀಲರೂ ಅದನ್ನೇ ಎಂದರು. ಇಡೀ ಪ್ರಕರಣದಲ್ಲಿ ಇಬ್ಬರೂ ಒಪ್ಪಿದ ಸಂಗತಿ ಅದೊಂದೇ! ಆದರೆ ಅಧಿಕಾರಿಗಳು ಕನ್ನಡಕ ತೆಗೆದು, “ಸೋತ ಉಮೇದುವಾರರಿಗೂ ಮಾತಾಡುವ ಹಕ್ಕಿದೆ,” ಎಂದು ಮರಾಠಿಯಲ್ಲಿ ಗಂಭೀರವಾಗಿ ಸಾರಿದರು. ನಾನು ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. ಅವರು ಕನ್ನಡಕ ಹಾಕಿಕೊಂಡು ನನ್ನ ಕಾಗದ ಓದಿದರು.

“ಆದರೆ ಆ ಹಕ್ಕನ್ನು ನೀವೇ ಬಿಟ್ಟುಕೊಟ್ಟಿದ್ದೀರಿ.”

‘ಬಿನಶರ್ತ’ ಎಂಬುದು ಒಂದೇ ಪದವಂತೆ. ಮರಾಠಿಯಲ್ಲಿ ‘ಬಿನ’ ಎಂದರೆ ‘ಇಲ್ಲದೆ’. ಮಾಘಾರ ಎಂದರೆ ಹಿಂದೆ ಸರಿಯುವುದು. ಯಾವ ಷರತ್ತೂ ಇಲ್ಲದೆ ನಾನು ವ್ಯಾಜ್ಯದಿಂದ ಹಿಂದೆ ಸರಿದಿದ್ದೆ. ಅದರೊಳಗೆ ಕಾಲಿಡುವ ಮೊದಲೇ!

“ಒಂದು ತೊಡಕಿದೆ,” ಎಂದರು ಅಧಿಕಾರಿಗಳು. “ನೀವು ‘ಬಿನ ಮಂಜಯ್ಯ’ ಎಂದು ಬರೆದಿದ್ದೀರಿ. ಅಂದರೆ ಮಂಜಯ್ಯನವರನ್ನು ಬಿಟ್ಟು ನೀವೊಬ್ಬರೇ ಹಿಂದೆ ಸರಿದಿದ್ದೀರಿ. ಅವರು ಯಾರು?”

“ನಮ್ಮ ತಂದೆ, ಸರ್.”

“ಅವರೂ ಹಿಂದೆ ಸರಿದಿದ್ದಾರಾ?”

“ತೀರಿಕೊಂಡಿದ್ದಾರೆ.”

“ಅದು ಬೇರೆ ವಿಷಯ. ಹಿಂದೆ ಸರಿದದ್ದಕ್ಕೆ ಕಾಗದ ಇದೆಯಾ?”

ಇರಲಿಲ್ಲ.

ನನ್ನನ್ನು ಹೊರಗಿನ ಬೆಂಚಿಗೆ ಕಳಿಸಿ ಮರುಎಣಿಕೆ ಮಾಡಿದರು. ಸ್ವಲ್ಪ ಹೊತ್ತಿಗೆ ಶೆಟ್ಟರು ಬೆವರೊರೆಸಿಕೊಳ್ಳುತ್ತ ಹೊರಬಂದು ನನ್ನನ್ನು ತಬ್ಬಿಕೊಂಡರು. “ನಿಮ್ಮ ನಾಲ್ಕರಲ್ಲಿ ಒಂದು ನನ್ನದಿತ್ತು ರಾಯರೇ! ಸಮ ಆಯ್ತು. ಚೀಟಿ ಎತ್ತಿದ್ರು. ಗೆದ್ದೆ! ನೀವು ಒಳಗಿದ್ರೆ ಆ ಓಟು ಬಿಡ್ತಿದ್ರಾ? ನಿಮ್ಮ ಉಪಕಾರ ಮರೆಯೂದಿಲ್ಲ.”

ನನಗೆ ಉಳಿದದ್ದು ಮೂರು.

ಆದೇಶದ ಪ್ರತಿಯನ್ನು ಸೊಸೈಟಿಯ ಬೋರ್ಡಿಗೆ ಅಂಟಿಸಿದರು. ಅದರಲ್ಲಿ ನನ್ನ ಹೆಸರಿಲ್ಲ. ‘ಶ್ರೀ ಮಂಜಯ್ಯ ಅವರ ಆಕ್ಷೇಪಣೆಯ ಹಕ್ಕನ್ನು ಕಾಯ್ದಿರಿಸಲಾಗಿದೆ’ ಎಂದಿದೆ. ಓದುತ್ತ ನಿಂತಿದ್ದ ಎರಡನೇ ಮಾಳಿಗೆಯ ಜೋಶಿ ಕಾಕೂ ನನ್ನತ್ತ ತಿರುಗಿದರು.

“ನಿಮ್ಮ ವಡೀಲ್ ಮಂಜಯ್ಯನವರು ಹೇಗೆ, ಒಳ್ಳೆಯವರಾ?”

“ತುಂಬಾ ಒಳ್ಳೆಯವರು. ತೀರಿಕೊಂಡು ಹದಿನೆಂಟು ವರ್ಷವಾಯಿತು.”

“ಅಂದರೆ ಮೀಟಿಂಗಿನಲ್ಲಿ ಜಗಳ ಮಾಡುವುದಿಲ್ಲ. ಮುಂದಿನ ಸಲ ಅವರನ್ನೇ ನಿಲ್ಲಿಸಿ, ನನ್ನ ಓಟು ಅವರಿಗೆ!”

ಪಕ್ಕದಲ್ಲಿದ್ದ ಮೂವರೂ ಹೌದೆಂದು ತಲೆಯಾಡಿಸಿದರು. ಅವರಲ್ಲಿ ಒಬ್ಬಳು ಶಾರದೆ. ನಾನು ನಿಂತಲ್ಲೇ ಎಣಿಸಿದೆ. ಪ್ರಚಾರಕ್ಕಿಳಿಯದೆಯೇ ಅಪ್ಪ ನನಗಿಂತ ಒಂದು ಓಟು ಮುಂದಿದ್ದಾರೆ.