ಅಪ್ಪ ಎತ್ತಿದ್ದು ಗುಂಡು, ನಾನು ಎತ್ತಿದ್ದು ಹುಡುಗಿ

ನಾನು ಪುಣೆಯ ಒಂದು ಬ್ಯಾಲೆ ತಂಡದಲ್ಲಿ ಕುಣಿದು ಹೊಟ್ಟೆ ಹೊರೆಯುವವನು. ನನ್ನೂರು ಬೈಲಹೊಂಗಲ. ಈ ಎರಡು ಮಾತನ್ನು ಎಲ್ಲಿ ಒಟ್ಟಿಗೆ ಹೇಳಿದರೂ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಬ್ಯಾಲೆ ಅಂದರೆ ಹುಡುಗಿಯರು ಕಾಲ್ಬೆರಳ ತುದಿಯ ಮೇಲೆ ನಿಂತು ಕುಣಿಯುವ ವಿಲಾಯತಿ ನೃತ್ಯ. ಗಂಡಸರಿಗೆ ಅದರಲ್ಲಿ ಮುಖ್ಯ ಕೆಲಸವೆಂದರೆ ಅವರನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು. ಧೈರ್ಯವಂತರು ಮಾಡಬೇಕಾದ ಕೆಲಸ. ನಾನೋ ಹುಟ್ಟಾ ಪುಕ್ಕಲ.

ಮಾಳಿಗೆಯ ಮೇಲಿನ ಚಡ್ಡಿ

ಒಮ್ಮೆ ರಜೆಗೆ ಊರಿಗೆ ಬಂದಾಗ ಕುಣಿಯುವಾಗ ಹಾಕುವ ಮೈಗಂಟುವ ಉದ್ದ ಚಡ್ಡಿಯನ್ನು ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದೆ. ಪಕ್ಕದ ಮನೆಯ ಕಾಕು ಅದನ್ನು ನೋಡಿ, "ವೈನಿ, ಇದು ಯಾರದ್ರೀ?" ಎಂದು ಕೂಗಿದಳು. ಮಗ ಕುಣಿಯುತ್ತಾನೆ ಅನ್ನುವುದು ಓಣಿಗೆ ಗೊತ್ತಾದೀತೆಂದು ಅವ್ವನ ಎದೆ ಧಸಕ್ಕೆಂದಿತು.

"ನಮ್ಮ ಹುಡುಗಂದ್ರೀ. ಕಾಲಿನ ನರಕ್ಕ ಡಾಕ್ಟರ್ ಕೊಟ್ಟಾರ," ಎಂದುಬಿಟ್ಟಳು.

ಸಂಜೆಯೊಳಗೆ ಮನೆ ತುಂಬ ಜನ. ಒಬ್ಬರ ಕೈಯಲ್ಲಿ ಔಡಲೆಣ್ಣೆ, ಇನ್ನೊಬ್ಬರ ಕೈಯಲ್ಲಿ ಯಾವುದೋ ಸೊಪ್ಪು. ಯಾರೋ ಪುಣ್ಯಾತ್ಮರು ಮುರಗೋಡದಿಂದ ಎಲುಬು ಕೂಡಿಸುವವನನ್ನೇ ಕರೆತಂದರು. ಅವನು ನನ್ನ ಕಾಲನ್ನು ತಿರುವಿ ತಿರುವಿ ನೋಡಿ, "ಕಾಲು ಭಾಳ ಗಟ್ಟಿ ಅದಾವಲ್ರೀ?" ಎಂದ.

"ಅದ ನೋಡ್ರೀ ರೋಗ," ಎಂದಳು ಅವ್ವ.

ರಜೆ ಮುಗಿಯುವವರೆಗೂ ನಾನು ಕುಂಟಿದೆ. ಅವಸರದಲ್ಲಿ ಒಮ್ಮೊಮ್ಮೆ ಕಾಲು ಬದಲಾಗುತ್ತಿತ್ತು.

ರಾಮದುರ್ಗದ ಚಹಾ

ರಾಮದುರ್ಗಕ್ಕೆ ಹೆಣ್ಣು ನೋಡಲು ಹೋದಾಗ ಮಾತಿಗೆಂದು ಸೋದರಮಾವ ಜೊತೆಗಿದ್ದ. ನನಗಿಂತ ಅವನೇ ಹೆಚ್ಚು ಬೆವರುತ್ತಿದ್ದ.

"ಹುಡುಗಂದು ಏನ್ ಕೆಲಸರೀ?" ಹುಡುಗಿಯ ತಂದೆ ಕೇಳಿದರು.

"ಪುಣೆದಾಗ ಎತ್ತೋದು, ಇಳಿಸೋದು ಮಾಡ್ತಾನ್ರೀ," ಎಂದ ಮಾವ.

"ಹಮಾಲೀನ?"

ಮಾವನಿಗೆ ಅಭಿಮಾನ ಉಕ್ಕಿತು. ಮೊಬೈಲು ತೆಗೆದು ನನ್ನ ಕುಣಿತದ ವಿಡಿಯೋ ತೋರಿಸಿಯೇಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ಹುಡುಗಿಯ ಅಜ್ಜಿ ಕನ್ನಡಕ ಏರಿಸಿ ನೋಡಿ, "ಹೆಗಲ ಮ್ಯಾಲ ಕುಂತಾಳಲ್ಲ, ಆಕಿ ಯಾರಪಾ?" ಎಂದಳು.

ಸಂಬಂಧ ತಪ್ಪೀತೆಂಬ ಹೆದರಿಕೆಯಲ್ಲಿ ಮಾವ ಅಜ್ಜಿಗೆ ಸಮಾಧಾನ ಹೇಳಿದ: "ಏನೂ ಚಿಂತಿ ಮಾಡಬ್ಯಾಡ್ರೀ ಅಮ್ಮಾರ, ಆಕಿ ಒಬ್ಬಾಕೀನ ಅಲ್ಲ. ದಿನಾ ಬ್ಯಾರೆ ಬ್ಯಾರೆ ಇರತಾರ!"

ಚಹಾ ಬಂತು. ಹುಡುಗಿ ಹೊರಗೆ ಬರಲಿಲ್ಲ.

ಬೆವರುವ ಕೈ

ನಗೆಯ ಮಾತು ಇರಲಿ. ನಿಜವಾಗಿ ಹೆದರಿದ್ದು ಆಮೇಲೆ. ನನ್ನ ಜೋಡಿ ನರ್ತಕಿ ಸೊಲ್ಲಾಪುರದವಳು, ಕನ್ನಡ ಬಲ್ಲವಳು. ಒಂದು ದಿನ ತಾಲೀಮಿನಲ್ಲಿ ಎತ್ತಿ ಹಿಡಿದಾಗ ಕೈ ಜಾರಿತು. ನೆಲಕ್ಕೆ ಬೀಳುವುದರೊಳಗೆ ಹೇಗೋ ಹಿಡಿದುಕೊಂಡೆ, ಪುಣ್ಯ. ಆದರೆ ಅಂದಿನಿಂದ ಅವಳು ಹತ್ತಿರ ಬಂದರೆ ಸಾಕು, ನನ್ನ ಅಂಗೈ ಬೆವರುತ್ತಿತ್ತು, ತೋಳು ನಡುಗುತ್ತಿತ್ತು. ಬಿದ್ದು ಅವಳ ಸೊಂಟ ಮುರಿದರೆ ಅವಳ ಬದುಕೇ ಮುಗಿಯಿತಲ್ಲ!

ತಂಡದ ಮೇಡಂ ಕಡ್ಡಿ ತುಂಡು ಮಾಡಿದಂತೆ ಹೇಳಿದರು. ಮುಂದಿನ ಪ್ರಯೋಗ ಕಿತ್ತೂರಿನಲ್ಲಿ. ಅಲ್ಲಿಯೂ ಕೈ ನಡುಗಿದರೆ ಇವಳನ್ನು ಎತ್ತುವ ಕೆಲಸ ಬೇರೆಯವನಿಗೆ. ನಾನು ಹಿಂದೆ ಮರವಾಗಿ ನಿಲ್ಲಬೇಕು.

ಪಾಪ, ಆ ಹುಡುಗಿ ತನ್ನ ಭಾರವೇ ಇದಕ್ಕೆಲ್ಲ ಕಾರಣವೆಂದು ಊಟ ಬಿಟ್ಟಳು. ಅವ್ವ ಕಳಿಸಿದ ಶೇಂಗಾ ಹೋಳಿಗೆಯನ್ನು ಮೂಸಿ ನೋಡಿ ಇಟ್ಟಳು. ನನಗೆ ತುಂಬ ಕೆಡುಕೆನಿಸಿತು. ಆ ಸಂಕಟದಲ್ಲೇ ಅವಳ ಪಾಲನ್ನೂ ನಾನೇ ತಿಂದೆ.

ಕಿತ್ತೂರಿನಲ್ಲಿ

ಅಪ್ಪ ಹರೆಯದಲ್ಲಿ ಗುಂಡುಕಲ್ಲು ಎತ್ತುವುದರಲ್ಲಿ ಹೆಸರಾದವರು. ಮುನವಳ್ಳಿ, ಉಗರಗೋಳ, ಸವದತ್ತಿಯ ಸುತ್ತೆಲ್ಲ ಅವರನ್ನು ಬಲ್ಲವರಿದ್ದರು. ಗುಂಡನ್ನು ನೆಲದಿಂದ ಮಂಡಿಗೆ, ಎದೆಗೆ ತಂದು, ಹೆಗಲ ಮೇಲಿಂದ ಹಿಂದಕ್ಕೆ ಎಸೆದರೇನೇ ಆಟ ಪೂರ್ತಿ. ನನ್ನ ಕುಣಿತವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಅಂದು ತಲೆಗೆ ಪಟಗಾ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಬಂದು ಕುಳಿತರು.

ಎತ್ತುವ ಗಳಿಗೆ ಬಂತು. ಸಂಗೀತ ಸಣ್ಣಗಾಯಿತು. ಅವಳನ್ನು ತಲೆಯ ಮೇಲೆತ್ತಿ ಹಿಡಿದೆ. ತೋಳು ಸಣ್ಣಗೆ ನಡುಗಲು ಶುರುವಾಯಿತು. ಅದನ್ನು ಕಂಡದ್ದೇ ತಡ, ಮಗನ ಬೆನ್ನು ಮುರಿದೀತೆಂದು ಹೆದರಿ ಅಪ್ಪ ಎದ್ದು ನಿಂತು ಒದರಿದರು:

"ಎತ್ತಿದಿ ತಮ್ಮಾ, ಎತ್ತಿದಿ! ಸಾಕು! ಇನ್ನ ಹಿಂದಕ್ಕ ಒಗದಬಿಡು!"

ಹಿಂದಿನ ಸಾಲುಗಳಲ್ಲಿ ಕುಳಿತಿದ್ದವರೂ ಗುಂಡಿನ ಆಟ ನೋಡಿ ಬೆಳೆದವರೇ. "ಒಗೀ! ಒಗೀ!" ಎಂದು ಎಲ್ಲರೂ ಶುರುಮಾಡಿದರು. ನನ್ನ ಬೆನ್ನ ಹಿಂದೆ ಪರದೆ ಎಳೆಯಲು ನಿಂತಿದ್ದ ಊರಿನವನು ಮೆಲ್ಲಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

ಮೇಲಿನಿಂದ ಅವಳ ಪಿಸುದನಿ ಬಂತು: "ನೀ ನಿಮ್ಮಪ್ಪನ ಮಾತು ಕೇಳೋ ಮಗಾ ಏನು?"

"ಸಣ್ಣಂದಿನಿಂದ," ಎಂದೆ.

ಜಾರೀತೆಂಬ ಭಯ ಅಲ್ಲಿಗೆ ಹೋಯಿತು. ಅಪ್ಪ ಹೇಳಿದ್ದನ್ನು ಈ ಕೈ ಎಲ್ಲಿ ಮಾಡಿಬಿಡುತ್ತದೋ ಎಂಬ ಭಯ ಹಿಡಿಯಿತು. ಅವಳನ್ನು ಎಂಥ ಬಿಗಿಯಾಗಿ ಹಿಡಿದೆನೆಂದರೆ ನಡುಕವೇ ನಿಂತಿತು. ಸಂಗೀತ ಮುಂದೆ ಹೋದರೂ ಇಳಿಸಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಆಟ ಮುಗಿದ ಮೇಲೆ ಮೇಡಂ ಬಂದು, ಅವಳನ್ನು ಇನ್ನು ಮುಂದೆಯೂ ನೀನೇ ಎತ್ತು ಎಂದರು.

ಅಪ್ಪ ಒಳಗೆ ಬಂದು ನನ್ನ ಬೆನ್ನು ಸವರಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಯವ್ವಾ, ನೀ ಇಷ್ಟ ಹಗುರ ಇದ್ರ ನಮ್ಮ ಹುಡುಗನ ಹೆಸರು ಹೆಂಗ ಉಳೀಬೇಕು? ನಾಳೆ ಮನೀಗೆ ಊಟಕ್ಕ ಬಾ."

ಎಷ್ಟೋ ದಿನಗಳಿಂದ ಅರೆಹೊಟ್ಟೆಯಲ್ಲಿದ್ದ ಹುಡುಗಿ ಅಳುತ್ತ ಅಳುತ್ತ ನಕ್ಕಳು. ಮರುದಿನ ಬೈಲಹೊಂಗಲದ ನಮ್ಮ ಮನೆಯಲ್ಲಿ ಹೋಳಿಗೆ ಒಂದಾದ ಮೇಲೊಂದು ಅವಳ ತಾಟಿಗೆ ಬೀಳತೊಡಗಿತು. ಅಪ್ಪ ಪಕ್ಕದಲ್ಲೇ ಕುಳಿತು, "ಇನ್ನೊಂದ, ಇನ್ನೊಂದ," ಎನ್ನುತ್ತ ತುಪ್ಪ ಸುರಿದರು. ಅವಳು ಬೇಡ ಅನ್ನಲಿಲ್ಲ.

ಎದುರಿಗೆ ಕುಳಿತಿದ್ದ ನನ್ನ ಕೈ ಮತ್ತೆ ನಡುಗಲು ಶುರುವಾಯಿತು.